ಹುಂಜದ ತಲೆಯ ಬಣ್ಣ

ಇಬ್ಬರೂ ಒಟ್ಟಿಗೆ ಒಳಗೆ ಕಾಲಿಟ್ಟದ್ದೇ ತಡ, ಅಂಗಡಿಯಲ್ಲಿ ಮಾತು ನಿಂತುಹೋಯಿತು. ಗಲ್ಲೆಯ ಬಳಿ ಕಾಫಿ ಕುಡಿಯುತ್ತಿದ್ದ ನಾಲ್ವರು ರೈತರು ಲೋಟದೊಳಗೇ ಕಣ್ಣು ನೆಟ್ಟರು. ಅರವತ್ತೆರಡರ ರೀಥಾ ಯಾರನ್ನೂ ನೋಡದೆ ಸೀದಾ ನಡೆದು, "ಟರ್ಕಿ ಕೋಳಿ ಬೇಟೆಗೆ ತೋಟಾ ಬೇಕು," ಎಂದಳು. ಎರಡು ಹೆಜ್ಜೆ ಹಿಂದೆ ಹಾಲಿಸ್ ಟೊಪ್ಪಿಗೆಯನ್ನು ಕೈಯಲ್ಲಿ ಹಿಡಿದು ನಿಂತಿದ್ದ.

"ಯಾರಿಗೆ?" ಅಂಗಡಿಯವನು ಕೇಳಿದ್ದು ಅವಳನ್ನು, ನೋಡಿದ್ದು ಅವನನ್ನು.

"ನಂಗೆ. ಇದೇ ಮೊದಲ ಸಲ. ಇವನು ಹೇಳಿಕೊಡ್ತಿದ್ದಾನೆ."

ಯಾರೋ ಸುಮ್ಮನೆ ಕೆಮ್ಮಿದರು.

ಅವಳು ಮನೆ ಮುಟ್ಟುವ ಮೊದಲೇ ಸುದ್ದಿ ತಂಗಿಯ ಕಿವಿ ಮುಟ್ಟಿತ್ತು. ವಿಲ್ಡಾ ಫೋನಿನಲ್ಲೇ ಉರಿದುಬಿದ್ದಳು.

"ಅಕ್ಕಾ, ನಿನ್ನ ತಲೆ ನೆಟ್ಟಗಿದೆಯಾ? ಈ ಸೀಮೇಲಿ ನಿಂಗೆ ಬೇರೆ ಗಂಡಸೇ ಸಿಗ್ಲಿಲ್ವಾ?"

"ಕೋಳಿ ಕರೆಯೋದ್ರಲ್ಲಿ ಅವನ್ನ ಬಿಟ್ರೆ ಇಲ್ಲ ಅಂತ ನೀನೇ ಹೇಳ್ತಿದ್ದೆ."

"ಅದು ಯಾವ ಕಾಲದ ಮಾತು! ಭಾವ ಇದ್ದಿದ್ರೆ ಅವನ್ನ ಗೇಟು ದಾಟೋಕೆ ಬಿಡ್ತಿದ್ರಾ?"

"ಬಿಡ್ತಿರ್ಲಿಲ್ಲ. ಅದಕ್ಕೇ ಅವರು ಹೋಗೋ ತನಕ ಕಾದೆ."

ವಿಲ್ಡಾ ಫೋನು ಕುಕ್ಕಿದಳು.

ಮಾರ್ಚ್ ತಿಂಗಳ ಮೊದಲಲ್ಲಿ ರೀಥಾ ತಾನಾಗಿಯೇ ಹಾಲಿಸ್‌ನ ಮನೆಗೆ ಹೋಗಿದ್ದಳು. ಹೊಳೆದಂಡೆಯ ಆ ಮನೆಯಲ್ಲಿ ಅವನೊಬ್ಬನೇ ವಾಸವಿದ್ದ. ಬಾಗಿಲಲ್ಲಿ ಅವಳನ್ನು ಕಂಡದ್ದೇ ಅವನ ಮುಖ ಬಿಳಿಚಿಕೊಂಡಿತು. ಬಂದ ವಿಷಯ ಹೇಳಿದಳು. ಅವನು ತನ್ನ ಬೂಟುಗಳನ್ನೇ ನೋಡುತ್ತ ಹೇಳಿದ.

"ನಿಮಗೆ ಇಲ್ಲ ಅನ್ನೋಕೆ ನಂಗೆ ಬಾಯಿಲ್ಲ, ರೀಥಾ ಅವ್ರೇ. ಆದ್ರೆ ನಾನು ಬಂದೂಕು ಮುಟ್ಟಲ್ಲ. ಬಾಯಲ್ಲಿ ಹೇಳಿಕೊಡ್ತೀನಿ, ಅಷ್ಟೆ."

ಪ್ರತಿ ಶನಿವಾರ ಅವಳ ಹಿತ್ತಲಲ್ಲಿ ಪಾಠ. ಎಷ್ಟು ಕರೆದರೂ ಅವನು ಒಳಗೆ ಬರುತ್ತಿರಲಿಲ್ಲ. ಬಿಸ್ಕತ್ತು, ಮಾಂಸದ ಗ್ರೇವಿ, ಕಾಫಿ ಎಲ್ಲ ಮೆಟ್ಟಿಲ ಮೇಲೆ, ಅದೂ ನಿಂತುಕೊಂಡೇ.

ಕಲಿಕೆ ಮಾತ್ರ ಅವಳ ಕೈಗೆ ಹತ್ತಲಿಲ್ಲ. ಹುಂಜವನ್ನು ಹತ್ತಿರ ಸೆಳೆಯಲು ಹೇಂಟೆಯ ದನಿ ಹೊರಡಿಸುವ ಚಿಕ್ಕ ಮರದ ಪೆಟ್ಟಿಗೆಯ ಮುಚ್ಚಳವನ್ನು ಉಜ್ಜಿ ಉಜ್ಜಿ ಬೆರಳು ಸೋತವು.

"ಇದು ಹೇಂಟೆ ಅಲ್ಲ, ಎಣ್ಣೆ ಕಾಣದ ಬಾಗಿಲು," ಎಂದ ಹಾಲಿಸ್. ನಗು ತುಟಿಯವರೆಗೆ ಬಂದಿತ್ತು. ಅಲ್ಲಿಗೇ ನುಂಗಿಕೊಂಡ.

ಹತ್ತು ನಿಮಿಷ ಅಲುಗದೆ ಕೂತರೆ ಮಂಡಿ ಮರಗಟ್ಟುತ್ತಿತ್ತು. ಬೀರುವಿನಲ್ಲಿ ಹನ್ನೊಂದು ವರ್ಷದಿಂದ ಯಾರೂ ಮುಟ್ಟದೆ ಇದ್ದ ಬಂದೂಕು ಅವಳ ಭುಜವನ್ನು ಒದ್ದು ಕಪ್ಪಾಗಿಸಿತು. ಗುರಿಯ ಕಾಗದ ಹಾಗೇ ಇತ್ತು, ಹಿಂದಿನ ಬೇಲಿ ಜರಡಿಯಾಯಿತು. ಒಂದು ಶನಿವಾರ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತಳು. ಈ ವಯಸ್ಸಿನಲ್ಲಿ ಇದು ತನ್ನಿಂದಾಗದು. ಬಿಟ್ಟುಬಿಡುವುದಂತೂ ಇನ್ನೂ ಆಗದು.

"ಮೈಮೇಲೆ ಕೆಂಪು, ಬಿಳಿ, ನೀಲಿ ಬೇಡ. ಕರವಸ್ತ್ರ ಕೂಡ ಬೇಡ. ಹುಂಜದ ತಲೆ ಅದೇ ಬಣ್ಣ," ಎಂದು ಹಾಲಿಸ್ ಪ್ರತಿ ವಾರವೂ ಹೇಳುತ್ತಿದ್ದ. "ಬೆನ್ನಿಗೆ ದಪ್ಪ ಮರ ಇರ್ಲಿ. ಹುಂಜದ ಎದೆ ಮೇಲೆ ಜೋತಾಡೋ ಕರಿ ಕೂದಲಿನ ಗಡ್ಡ ಕಾಣೋ ತನಕ ಬೆರಳು ಟ್ರಿಗರಿನ ಹತ್ರ ಸುಳೀಬಾರದು."

"ಇಷ್ಟೆಲ್ಲ ಯಾಕೆ? ಕಣ್ಣಿದ್ದೋರಿಗೆ ಕೋಳಿ ಯಾವುದು ಅಂತ ಗೊತ್ತಾಗಲ್ವಾ?"

"ಕಾಡಲ್ಲಿ ಕೂತಾಗ ನಿಮಗೇ ಗೊತ್ತಾಗುತ್ತೆ," ಎಂದು ಅವನು ಟೊಪ್ಪಿಗೆ ಹಾಕಿಕೊಂಡು ಹೊರಟುಬಿಡುತ್ತಿದ್ದ.

ಏಪ್ರಿಲ್ ನಡುವಿನ ಸೋಮವಾರ ಆ ವರ್ಷದ ಬೇಟೆಯ ಹಂಗಾಮಿನ ಮೊದಲ ದಿನ. ಬೆಳಕು ಹರಿಯುವ ಹೊತ್ತಿಗೆ ಇಬ್ಬರೂ ಓಕ್ ಮರಗಳ ಗುಡ್ಡದ ಬುಡದಲ್ಲಿದ್ದರು. ಹಾಲಿಸ್ ಅಲ್ಲೇ ನಿಂತುಬಿಟ್ಟ.

"ಈ ಗುಡ್ಡ ಬೇಡ. ಹೊಳೆ ಆಚೆ ಹೋಗೋಣ."

"ಇಲ್ಲೇ," ಎಂದು ರೀಥಾ ಹತ್ತತೊಡಗಿದಳು.

ಮರಕ್ಕೆ ಒರಗಿ ಕೂತರು. ಆಚೆ ಕಣಿವೆಯಲ್ಲಿ ಯಾರದೋ ಬಂದೂಕು ಒಮ್ಮೆ ಸಿಡಿದು ಸುಮ್ಮನಾಯಿತು. ಸ್ವಲ್ಪ ಹೊತ್ತು ಕಳೆದು ರೀಥಾ ಪೆಟ್ಟಿಗೆ ಉಜ್ಜಿದಳು. ಆರು ವಾರದಲ್ಲಿ ಮೊದಲ ಸಲ ಅದರೊಳಗಿಂದ ನಿಜವಾದ ಹೇಂಟೆ ಕೂಗಿತು. ದೂರದಲ್ಲೊಂದು ಹುಂಜ ಗುಳಗುಳನೆ ಉತ್ತರ ಕೊಟ್ಟಿತು.

ಕಾದಳು. ತರಗೆಲೆ ಸದ್ದಾಯಿತು. ನಾಲ್ಕು ಹೆಜ್ಜೆ, ಮೌನ. ಮತ್ತೆ ಎರಡು ಹೆಜ್ಜೆ. ಹೂಬಿಟ್ಟ ಪೊದೆಯ ಹಿಂದೆ ಕೆಂಪು ಮಿಂಚಿತು. ಅದರ ಬದಿಗೆ ಬಿಳಿ, ಆಮೇಲೆ ನೀಲಿ. ಕೊಕ್ಕು ಕಂಡಿತು. ಎದೆಯ ಗಡ್ಡ ಕಂಡಿತು. ಬಂದೂಕು ತಾನಾಗಿಯೇ ಭುಜಕ್ಕೆ ಬಂತು, ಬೆರಳು ತಾನಾಗಿಯೇ ಟ್ರಿಗರಿಗೆ ಹೋಯಿತು.

ಹಾಲಿಸ್‌ನ ಅಂಗೈ ನಳಿಗೆಯ ಮೇಲೆ ಬಿದ್ದು ಅದನ್ನು ನೆಲಕ್ಕೆ ಒತ್ತಿಹಿಡಿಯಿತು. "ಯಾರದು? ನಿಲ್ಲು ಅಲ್ಲೇ!" ಎಂದು ಕೂಗಿದ.

ಪೊದೆ ಸರಿಸಿಕೊಂಡು ಪಕ್ಕದ ತೋಟದ ಕ್ಲೀಟ್ ಹೊರಬಂದ. ಹೊಡೆದ ಹುಂಜವನ್ನು ಹೆಗಲಿಗೆ ಹಾಕಿಕೊಂಡಿದ್ದ. ಅದರ ತಲೆ ಅವನ ಎದೆಯ ಮೇಲೆ ತೂಗಾಡುತ್ತಿತ್ತು.

"ಇಪ್ಪತ್ತೆರಡು ಪೌಂಡು ಇರ್ಬೇಕು ಕಣ್ರಪ್ಪಾ! ನಿಮಗೇನಾದ್ರೂ..." ಕೂತಿದ್ದವರು ಯಾರೆಂದು ಕಂಡದ್ದೇ ಅವನ ನಗು ಇಳಿಯಿತು. ಟೊಪ್ಪಿಗೆ ಮುಟ್ಟಿ, ಸರಸರನೆ ಇಳಿದುಹೋದ.

ರೀಥಾ ಬಂದೂಕಿನಿಂದ ಕೈ ತೆಗೆದಳು. "ನಾನು ನೋಡಿದ್ದು ಹಕ್ಕೀನೇ. ಮನುಷ್ಯ ಕಾಣಲೇ ಇಲ್ಲ ನಂಗೆ. ದೇವರಾಣೆ, ಹಕ್ಕಿ ಮಾತ್ರ ಕಾಣ್ತು."

ಹಾಲಿಸ್‌ನ ಕೈ ಇನ್ನೂ ನಳಿಗೆಯನ್ನು ಬಿಟ್ಟಿರಲಿಲ್ಲ.

"ಅವತ್ತು ಕೋರ್ಟಲ್ಲಿ ನೀನೂ ಹೀಗೇ ಅಂದಿದ್ದೆ, ಹಾಲಿಸ್. ನಾನು ನಂಬಿರ್ಲಿಲ್ಲ," ಎಂದಳು ರೀಥಾ, ತನ್ನ ಮಗನನ್ನು ಇದೇ ಗುಡ್ಡದಲ್ಲಿ ಹೊಡೆದುರುಳಿಸಿದ ಆ ಕೈಯನ್ನು ಎರಡೂ ಕೈಗಳಿಂದ ಹಿಡಿದುಕೊಂಡು.