ಪಾಯಿಂಟಿನ ತಿಂಡಿ

“ನೋಡಿ ನೋಡಿ! ಹತ್ತನೇ ಕ್ಲಾಸು ಫೇಲಾದವನು ತಾಯಿಯನ್ನು ಫೈವ್ ಸ್ಟಾರಿಗೆ ಕರ್ಕೊಂಡು ಬಂದು ಎಂಜಲು ತಟ್ಟೆ ತೆಗೆಸ್ತಿದ್ದಾನೆ!”

ಲತೇಶ ಮಾವನ ಗಂಟಲು ದೊಡ್ಡದು. ಪುಣೆಯ ಆ ಪಂಚತಾರಾ ಹೋಟೆಲಿನ ತಿಂಡಿಯ ಹಾಲ್‌ನಲ್ಲಿ ಅಷ್ಟೂ ತಲೆಗಳು ತಿರುಗಿದವು. ಕನ್ನಡ ಬಾರದವರಿಗೂ ಬೈಗುಳ ಯಾರಿಗೆ ಬಿತ್ತೆಂದು ತಿಳಿಯಿತು. ಅಶ್ವಿತನ ಕಿವಿ ಬಿಸಿಯಾಯಿತು. ಅವನ ತಾಯಿ ಉಮಾವತಿ ನಿಜವಾಗಿಯೂ ಪಕ್ಕದ ಮೇಜಿನವರು ತಿಂದೆದ್ದ ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸಿಕೊಂಡು, ಎಲ್ಲಿ ಇಡುವುದೆಂದು ತೋಚದೆ ನಿಂತಿದ್ದಳು. ಮೀಸೆಯ ವೇಟರ್ ಓಡಿ ಬಂದು, “ಕಾಕೂ, ಹೇ ಮಾಝಂ ಕಾಮ್ ಆಹೇ,” ಇದು ನನ್ನ ಕೆಲಸವಲ್ಲವೇ ಎಂದು ನಗುತ್ತಲೇ ಇಸಿದುಕೊಂಡ.

“ಖಾಲಿ ತಟ್ಟೆ ಕಂಡರೆ ಕೈ ಸುಮ್ಮನಿರುದಿಲ್ಲ ಮಾರಾಯ,” ಎನ್ನುತ್ತ ಉಮಾವತಿ ಕುರ್ಚಿಯ ತುದಿಯಲ್ಲಿ ಕುಳಿತಳು.

ಗಂಡ ತೀರಿದ ಮೇಲೆ ಇದೇ ಪುಣೆಯ ಮಾರ್ಕೆಟ್ ಯಾರ್ಡಿನ ಎದುರಿನ ಇಡ್ಲಿ ಹೋಟೆಲನ್ನು ನಡೆಸಿದವಳು ಅವಳೇ. ಊರಿಗೆಲ್ಲ ತಿಂಡಿ ಕೊಟ್ಟವಳು ತಾನು ಕುಳಿತು ತಿಂದದ್ದನ್ನು ಅಶ್ವಿತ ಕಂಡೇ ಇಲ್ಲ. ಕೊನೆಯ ಗಿರಾಕಿ ಎದ್ದ ಮೇಲೆ, ಒಲೆಯ ಪಕ್ಕ ನಿಂತು, ಉಳಿದದ್ದು. ಒಂದು ಬೆಳಿಗ್ಗೆಯಾದರೂ ಇವಳು ಕೂರಬೇಕು, ಬೇರೆ ಯಾರೋ ಬಡಿಸಬೇಕು. ಅವನ ಹಟ ಅಷ್ಟೇ. ಅದಕ್ಕಾಗಿ ಎಣ್ಣೆ ಡಬ್ಬಕ್ಕೂ ಗ್ಯಾಸಿಗೂ ಈ ಹೋಟೆಲ್ ಕಂಪನಿಯ ಪಾಯಿಂಟು ಕೊಡುವ ಕ್ರೆಡಿಟ್ ಕಾರ್ಡೇ ಉಜ್ಜಿದ. ಅಕ್ಕಪಕ್ಕದ ಹೋಟೆಲಿನವರ ಎಣ್ಣೆಗೂ ತನ್ನ ಕಾರ್ಡು ಉಜ್ಜಿ ಅವರಿಂದ ನಗದು ಇಸಿದುಕೊಂಡ. ಮದುವೆ ಅಡುಗೆಗೆ ಹೊರಗೆ ಹೋದಾಗಲೆಲ್ಲ, “ಲಾಡ್ಜು ಬೇಡ, ಇದೇ ಕಂಪನಿಯ ಸಣ್ಣ ಹೋಟೆಲಿನಲ್ಲಿ ರೂಮು ಮಾಡಿ, ನನ್ನ ಮೆಂಬರ್ ನಂಬರ್ ಹಾಕಿಸಿ” ಎಂದು ಮದುವೆ ಮನೆಯವರ ಜೊತೆ ಜಗಳ ಕಾದ. ಹಾಗೆ ಕೂಡಿದ ಪಾಯಿಂಟುಗಳಿಗೆ ಇಲ್ಲಿ ಒಂದು ರಾತ್ರಿ, ಬೆಳಿಗ್ಗೆ ಇಬ್ಬರಿಗೆ ತಿಂಡಿ. ಇವತ್ತಿನ ತಿಂಡಿ ತಪ್ಪಿದರೆ ಪಾಯಿಂಟೆಲ್ಲ ಮಣ್ಣುಪಾಲು.

ಇಬ್ಬರಿಗೆ ಮಾತ್ರ. ಆದರೆ ತಮ್ಮನನ್ನು ಬಿಟ್ಟು ಒಳ್ಳೆಯ ಕೆಲಸ ಉಂಟಾ ಎಂದು ಉಮಾವತಿ ಪಿಂಪ್ರಿಯಿಂದ ಲತೇಶನನ್ನೂ ಕರೆಸಿದ್ದಳು. ಅಶ್ವಿತ ತನ್ನ ಪಾಲನ್ನು ಮಾವನಿಗೆ ಬಿಟ್ಟು ನೀರು ಕುಡಿಯುತ್ತ ಕುಳಿತಿದ್ದ. ಮಾವನ ಹತ್ತಿರವೂ ವಿಮಾನ ಕಂಪನಿಯ ಗೋಲ್ಡ್ ಕಾರ್ಡಿದೆ. ಅದರ ಪಾಯಿಂಟುಗಳು ವರ್ಷ ವರ್ಷವೂ ಸಾಯುತ್ತವೆ. ಕಾರ್ಡು ಮಾತ್ರ ಕಂಡಕಂಡವರ ಮುಂದೆ ಪರ್ಸಿನಿಂದ ಹೊರಗೆ ಬರುತ್ತದೆ.

“ತಿನ್ನು ಅಮ್ಮ.”

“ಗಿರಾಕಿ ತಿನ್ನದೆ ನಾವು ತಿನ್ನುದುಂಟಾ? ಅವರದ್ದೆಲ್ಲ ಆಗಲಿ.”

“ಇಲ್ಲಿ ನೀನೇ ಗಿರಾಕಿ!”

“ಬಿಲ್ಲು ಕೊಡುದುಂಟಾ? ಇಲ್ಲವಲ್ಲ. ಮತ್ತೆ ಎಂತ ಗಿರಾಕಿ?”

“ಪಾಯಿಂಟಿನಿಂದ ಹೊಟ್ಟೆ ತುಂಬುದಿಲ್ಲ ಅಂತ ನಾನು ಆವಾಗಲೇ ಹೇಳಿದೆ,” ಎಂದ ಮಾವ, ಎರಡನೆಯ ಮಸಾಲೆ ದೋಸೆಯನ್ನು ಬಾಯಿಗಿಡುತ್ತ.

ತಿಂಡಿಯ ಹೊತ್ತು ಮುಗಿಯುತ್ತ ಬಂದಿತ್ತು; ಆ ತುದಿಯಲ್ಲಿ ಹಣ್ಣಿನ ಬುಟ್ಟಿಗಳನ್ನು ಆಗಲೇ ಒಳಗೆ ಒಯ್ಯತೊಡಗಿದ್ದರು. ಉಮಾವತಿಯ ತಟ್ಟೆ ಒರೆಸಿಟ್ಟ ಹಾಗೆ ಖಾಲಿ. ಅಶ್ವಿತ ಕುರ್ಚಿ ಸದ್ದಾಗುವಂತೆ ಎದ್ದುಹೋಗಿ, ಒಂದು ಬಟ್ಟಲು ಸಾಂಬಾರು ತಂದು ಅವಳ ಮುಂದೆ ಕುಕ್ಕಿದ.

“ಆಯ್ತು, ತಿನ್ನಬೇಡ. ಇದರ ರುಚಿ ನೋಡು ಸಾಕು. ನಮ್ಮದಕ್ಕಿಂತ ಇದು ಚೆಂದ ಉಂಟು ಅಂತ ಮಾವ ಹೇಳ್ತಿದ್ದಾರೆ.”

“ನಾನು ಯಾವಾಗ...” ಎಂದು ಮಾವ ಬಾಯಿ ತೆರೆಯುವಷ್ಟರಲ್ಲಿ ಉಮಾವತಿಯ ಚಮಚ ಬಟ್ಟಲಲ್ಲಿ ಮುಳುಗಿಯಾಗಿತ್ತು.

“ಇದಾ? ಇದಾ ಚೆಂದ? ಕೊತ್ತಂಬರಿ ಸರಿ ಹುರಿಯಲೇ ಇಲ್ಲ! ನಿನ್ನ ನಾಲಿಗೆಗೆ ಎಂತ ಆಗಿದೆ ಲತೇಶ?” ಅವಳು ಕುರ್ಚಿಯ ತುದಿಯಿಂದ ಹಿಂದೆ ಸರಿದು ಸರಿಯಾಗಿ ಕೂತಳು. “ಆದರೆ ಇಡ್ಲಿ ಇಲ್ಲದೆ ಪೂರ್ತಿ ಹೇಳ್ಲಿಕ್ಕೆ ಆಗುದಿಲ್ಲ. ಇಡ್ಲಿ ತರ್ಲಿಕ್ಕೆ ಹೇಳು.”

ಮೀಸೆಯ ವೇಟರ್ ಇಡ್ಲಿ ತಂದ. ಉದ್ದು ಕಮ್ಮಿ, ಎಂದು ಎರಡನ್ನೂ ಮುಗಿಸಿದಳು. ವಡೆ ತಂದ. ಎಣ್ಣೆ ಕಾದಿರಲಿಲ್ಲ, ಎಂದು ಅದನ್ನೂ ಮುಗಿಸಿದಳು. ಉಪ್ಪಿಟ್ಟಿಗೆ ಶುಂಠಿ ಸಾಲದು, ದೋಸೆಯ ಕಾವಲಿ ಪಳಗಿಲ್ಲ. “ಅಲ್ಲಿ ಹಳದಿಯದ್ದು ಎಂತದಾ ಅದು? ಅದನ್ನೂ ಒಮ್ಮೆ ನೋಡುವ.” ಅವಳು ಒಂದೊಂದಕ್ಕೂ ಹುಳುಕು ಹೇಳುವುದು, ಭಾಷೆ ತಿಳಿಯದ ವೇಟರ್ ಹೊಗಳಿಕೆಯೆಂದುಕೊಂಡು ಇನ್ನೊಂದು ತರುವುದು. ಕೊನೆಗೆ ಕಾಫಿ ಬಂತು. ಕಾಫಿಗೆ ಮಾತ್ರ ಅವಳು ಹುಳುಕು ಹುಡುಕಲಿಲ್ಲ. ಕಣ್ಣು ಮುಚ್ಚಿ, ಬೆನ್ನು ಕುರ್ಚಿಗೆ ಒರಗಿಸಿ, ಗುಟುಕು ಗುಟುಕಾಗಿ ಕುಡಿದಳು.

ಎದ್ದಾಗ ರೂಢಿಯಂತೆ ಕೈ ತಟ್ಟೆಗೆ ಹೋಯಿತು. ವೇಟರ್ ದೂರದಿಂದಲೇ ಹುಬ್ಬು ಹಾರಿಸಿದ. ಉಮಾವತಿಗೆ ನಗು ಬಂತು. ಕೈ ಹಿಂದೆ ಬಂತು. ಸೆರಗಿನಿಂದ ಬಾಯಿ ಒರೆಸಿಕೊಂಡು, ಬಿಲ್ಲು ಕೊಟ್ಟ ಗಿರಾಕಿಯ ಹಾಗೆ ತಿರುಗಿ ನೋಡದೆ ಬಾಗಿಲತ್ತ ಹೊರಟಳು.

“ಏ ಹತ್ತನೇ ಫೇಲು!” ಮಾವ ಮತ್ತೆ ಗಂಟಲೆತ್ತಿದ. ತಲೆಗಳು ಮತ್ತೆ ತಿರುಗಿದವು. “ಇಷ್ಟೆಲ್ಲ ಮಾಡಿ ನಿನಗೆ ಎಂತ ಸಿಕ್ಕಿತಾ? ಒಂದು ಇಡ್ಲಿ ತುಂಡೂ ಇಲ್ಲವಲ್ಲ!”

ತಾಯಿ ಮೇಜಿನ ಮೇಲೆ ಬಿಟ್ಟುಹೋದ ಎಂಜಲು ತಟ್ಟೆಯನ್ನು ಅಶ್ವಿತ ಒಮ್ಮೆ ಕಣ್ತುಂಬ ನೋಡಿದ. ಅವಳ ಹಿಂದೆ ನಡೆದುಬಿಟ್ಟ.