ಜಾಲಿಮರದ ಒಪ್ಪಿಗೆ

ತೋಪಿನಲ್ಲಿ ಶೆಡ್ಡು ಕಟ್ಟುವ ಅರ್ಜಿಯನ್ನು ಪಂಚಾಯಿತಿ ಗುಮಾಸ್ತ ಬಸವಣ್ಣೆಪ್ಪ ಮೂರನೆಯ ಸಲವೂ ನೀಲವ್ವನಿಗೆ ವಾಪಸು ಕೊಟ್ಟ.

"ತೋಪಿನ ನಲವತ್ತ ಮರ ಅಂಟಿನ ಮುದ್ರಿ ಒತ್ತ್ಯಾವ ನೋಡ್ರಿ ಅಕ್ಕಾರ. ಆ ಜಾಲಿ ಒಂದ ಒಲ್ಲೆ ಅಂದೈತಿ. ಒಂದ ಮರ ಒಲ್ಲೆ ಅಂದ್ರೂ ಕಟ್ಟಂಗಿಲ್ಲ."

"ನಾನ ನೀರ ಹಾಕಿ ಬೆಳಿಸಿದ ಮರ ಅದು!"

"ಬೆಳದ ಮಕ್ಕಳು ನಮ್ಮ ಮಾತ ಕೇಳ್ತಾವೇನ್ರಿ?"

ನೀಲವ್ವ ಅಷ್ಟಕ್ಕೆಲ್ಲ ಜಗ್ಗುವ ಹೆಂಗಸಲ್ಲ. ಹೋದ ಮಳೆಗೆ ನೆನೆದು ಅವಳ ಬಿತ್ತನೆ ಬೀಜವೆಲ್ಲ ಬೂಷ್ಟು ಹಿಡಿದಿತ್ತು. ಈ ಸಲವೂ ಸೂರಿಲ್ಲದಿದ್ದರೆ ತೋಪಿನಲ್ಲಿ ಹೊಸ ಸಸಿ ಏಳುವುದಿಲ್ಲ. ಅಲ್ಲೇ ಬೆಂಚಿನ ಮೇಲೆ ಕೂತು ಅರ್ಜಿಯನ್ನು ಮೊದಲಿನಿಂದ ಓದಿದಳು. ಶೆಡ್ಡಿನಲ್ಲಿ ಇಡುವ ಸಾಮಾನು: ಬೀಜ, ಸಲಿಕೆ, ಹಗ್ಗ, ಕೊಡಲಿ.

ಅವಳ ಬೆರಳು ಕೊನೆಯ ಪದದ ಮೇಲೆ ನಿಂತಿತು. ಆ ಕೊಡಲಿಯ ಕಾವನ್ನು ಅವಳು ಆ ಜಾಲಿಯ ಟೊಂಗೆ ಕಡಿದೇ ಮಾಡಿದ್ದಳು.

"ಕೊಡಲಿ ಕಾವು ಕುಲಕ್ಕ ಮೃತ್ಯು ಅಂತಾರ," ಎಂದು ಬಸವಣ್ಣೆಪ್ಪ ಅವಳ ಬೆರಳು ನಿಂತ ಕಡೆ ನೋಡಿ ಪೆನ್ನು ಚಾಚಿದ. "ಆ ಒಂದ ಸಾಮಾನ ಹೊಡದ ಹಾಕ್ರಿ."

"ಬರೇ ಗೆರಿ ಎಳದ್ರ ಆ ಜಾಲಿ ನಂಬಂಗಿಲ್ಲೋ ತಮ್ಮಾ."

ಮನೆಗೆ ಬಂದವಳೇ ಕೊಡಲಿಯಿಂದ ಕಾವು ಕಿತ್ತಳು. ತೋಪಿಗೆ ಹೋಗಿ ಜಾಲಿಯ ಬುಡದಲ್ಲಿ ಮೊಣಕಾಲಾಳದ ಗುಂಡಿ ತೋಡಿ ಅದನ್ನು ಹೂತು, ಒಂದು ಕೊಡ ನೀರು ಹೊಯ್ದಳು. ಆಮೇಲೆ ಎಂದಿನಂತೆ ಅರ್ಜಿಯನ್ನು ಬೊಡ್ಡೆಗೆ ಕಟ್ಟಿದಳು.

ಮುಂಜಾನೆ ಕಾಗದದ ಮೇಲೆ ಕೆಂಪಗೆ ಅಂಟಿನ ಮುದ್ರೆ ಬಿದ್ದಿತ್ತು. ನಾಲ್ಕು ವರ್ಷದ ಹಿಂದೆ ಅವಳು ಟೊಂಗೆ ಕಡಿದ ಗಾಯದಿಂದಲೇ ಅದು ಒಸರಿತ್ತು.