ಸಂಪಿನ ಹೋಳಿಗೆ

ಗಿರಣಿ ಆಳುಗಳ ಸಾಲುಮನೆಗಳಿದ್ದ ಚಾಳಿನ ದೊಡ್ಡ ಬಾಗಿಲು ದಾಟುತ್ತಿದ್ದಂತೆ ಶಾಂತಲಿಂಗಪ್ಪನ ಮೂಗಿಗೆ ಹೋಳಿಗೆಯ ವಾಸನೆ ಬಡಿಯಿತು. ಕಾಲುಗಳು ಅಲ್ಲೇ ನಿಂತವು. ಬೆಲ್ಲ, ಏಲಕ್ಕಿ, ಕಾದ ಹಂಚಿನ ಮೇಲೆ ತುಪ್ಪ. ಅದರ ಬೆನ್ನಿಗೇ ಹುರಿದ ಮಸಾಲೆಯ ಘಾಟು. ಸಂಪು, ಅಂದರೆ ಗಿರಣಿಯ ಮುಷ್ಕರ, ಎರಡನೆಯ ತಿಂಗಳಿಗೆ ಕಾಲಿಟ್ಟಿತ್ತು. ಈ ಚಾಳಿನಿಂದ ಬರಬಾರದ ವಾಸನೆ ಅದು.

ಶಾಂತಲಿಂಗಪ್ಪ ಸೊಲ್ಲಾಪುರದ ಒಂದು ಬಟ್ಟೆ ಗಿರಣಿಯ ಮುಕಾದಮ. ಆಳುಗಳನ್ನು ಕೆಲಸಕ್ಕೆ ಹಚ್ಚುವವನೂ ಅವನೇ, ತೆಗೆಯುವವನೂ ಅವನೇ. ಕೂಲಿ ಕಡಿತ ಮಾಡಿದ ದಿನದಿಂದ ಕೆಲಸಕ್ಕೆ ಕರೆಯುವ ಗಿರಣಿಯ ಭೋಂಗಾ ಎಷ್ಟು ಕೂಗಿದರೂ ಒಬ್ಬರೂ ಗೇಟಿನೊಳಗೆ ಹೆಜ್ಜೆ ಇಟ್ಟಿರಲಿಲ್ಲ. ಶನಿವಾರ ಮ್ಯಾನೇಜರ್ ಸಾಹೇಬರು ಅವನನ್ನು ಕರೆಸಿ ಖಡಾಖಡಿ ಹೇಳಿದ್ದರು: ಚಾಳಿಗೆ ಹೋಗಿ ನೋಡಿ ಬಾ. ಮಂದಿ ಹಸಿದಿದ್ದರೆ ಇನ್ನೊಂದು ವಾರ ಕಾಯೋಣ, ತಾವಾಗಿಯೇ ಬಂದು ಕಾಲಿಗೆ ಬೀಳುತ್ತಾರೆ. ಹಸಿದಿಲ್ಲವಾದರೆ ಕಡಿತ ಬಿಟ್ಟುಬಿಡೋಣ, ದೀಪಾವಳಿಗೆ ಚಾದರ ಕೊಡದಿದ್ದರೆ ವ್ಯಾಪಾರ ಮುಳುಗುತ್ತದೆ. ಸುಳ್ಳು ಸುದ್ದಿ ತಂದರೆ ನಿನ್ನ ಜಾಗಕ್ಕೆ ಬೇರೊಬ್ಬ ಬರುತ್ತಾನೆ.

ಶಾಂತಲಿಂಗಪ್ಪ ಅಂದೇ ಚಾಳಿನಲ್ಲಿ ಸಾರಿಸಿದ್ದ: ಸೋಮವಾರ ಮಧ್ಯಾಹ್ನ ಬರುತ್ತೇನೆ, ಕೆಲಸಕ್ಕೆ ಮರಳುವವರು ಎದುರಿಗೆ ಬಂದು ಹೆಸರು ಹೇಳಲಿ. ಹೆಂಗಸರು ಅಳುತ್ತ ಬರುತ್ತಾರೆ, ತಾನು ದೊಡ್ಡಮನಸ್ಸು ಮಾಡಬೇಕು ಎಂದುಕೊಂಡೇ ತಲೆಗೆ ಹೊಸ ಪಟಕಾ ಸುತ್ತಿಕೊಂಡು ಬಂದಿದ್ದ.

ಅಂಗಳದಲ್ಲಿ ಮುದುಕ ಧರೆಪ್ಪ ಗೋಡೆಗೆ ಒರಗಿ ಕಡ್ಡಿಯಿಂದ ಹಲ್ಲು ಕೆದಕುತ್ತಿದ್ದ. ಮುಕಾದಮನನ್ನು ಕಂಡೂ ಏಳಲಿಲ್ಲ. ಮೇಲಾಗಿ ಜೋರಾಗಿ ತೇಗಿದ. ಪ್ರತಿ ಬಾಗಿಲ ಮುಂದೆಯೂ ತೊಳೆದ ತಾಟುಗಳು ಬೋರಲು ಬಿದ್ದಿದ್ದವು. ಒಲೆಗಳೆಲ್ಲ ಹೊಗೆಯಾಡುತ್ತಿದ್ದವು.

"ಊಟ ಆತೇನೋ ಧರೆಪ್ಪಾ?"

"ಚಾಳಿನಾಗ ಎಲ್ಲಾರದೂ ಒಂದ ಊಟರಿ ಮುಕಾದಮರ. ಒಬ್ಬರಿಗೆ ಹೆಚ್ಚಿಲ್ಲ, ಒಬ್ಬರಿಗೆ ಕಡಿಮಿ ಇಲ್ಲ."

ಶಾಂತಲಿಂಗಪ್ಪನ ಮೈ ಉರಿಯಿತು. ಹಳ್ಳಿಗಳಿಂದ ಕದ್ದುಮುಚ್ಚಿ ಕಾಳು ಬರುತ್ತಿದೆ ಎಂಬ ಗುಮಾನಿಯಿಂದ ಅವನೇ ಅಕ್ಕಲಕೋಟ ರಸ್ತೆಯ ನಾಕೆಯಲ್ಲಿ ಆಳು ನಿಲ್ಲಿಸಿ ಕಾವಲು ಕಾಯಿಸಿದ್ದ. ಒಂದು ಬಂಡಿಯೂ ಸಿಕ್ಕಿರಲಿಲ್ಲ. ಹಾಗಾದರೆ ಈ ಹೋಳಿಗೆ ಆಕಾಶದಿಂದ ಉದುರಿತೇ?

ವಾಸನೆ ಬರುತ್ತಿದ್ದುದು ಗುರುಲಿಂಗಮ್ಮನ ಮನೆಯಿಂದ. ಅಕ್ಕಲಕೋಟ ಕಡೆಯ ಒಕ್ಕಲು ಮನೆತನದವಳು, ಈಗ ಗಿರಣಿಯಲ್ಲಿ ನೂಲು ಸುತ್ತುವವಳು. ಸಂಪಿನಲ್ಲಿ ಹೆಂಗಸರನ್ನು ಹಿಡಿದು ನಿಲ್ಲಿಸಿದವಳೂ ಅವಳೇ.

"ಬರ್ರಿ ಮುಕಾದಮರ. ಹೊತ್ತಿಗೆ ಸರಿಯಾಗಿ ಬಂದ್ರಿ. ಕೈ ತೊಳಕೊಳ್ರಿ."

"ನಾ ಉಣ್ಣಾಕ ಬಂದಿಲ್ಲ."

"ಗೊತ್ತೈತ್ರಿ. ನೋಡಾಕ ಬಂದೀರಿ. ಉಂಡ ನೋಡ್ರಿ."

ಬೇಡವೆನ್ನಬೇಕೆಂದು ಬಾಯಿ ತೆರೆದ. ಅಷ್ಟರಲ್ಲಿ ತಾಟು ಮುಂದೆ ಬಂತು. ಎಲೆಯಷ್ಟು ತೆಳ್ಳಗಿನ ಹೋಳಿಗೆ, ಮೇಲೆ ತುಪ್ಪ. ಪಕ್ಕದಲ್ಲಿ ಎಣ್ಣೆಗಾಯಿ, ಶೇಂಗಾ ಹಿಂಡಿ, ಬಟ್ಟಲಲ್ಲಿ ಹಬೆಯಾಡುವ ಕಟ್ಟಿನ ಸಾರು. ಮುಕಾದಮಿಕೆ ಒಂದು ಕಡೆ, ನಾಲಿಗೆ ಒಂದು ಕಡೆ. ಗೆದ್ದದ್ದು ನಾಲಿಗೆ. ಸಾರಿನ ಮೊದಲ ಗುಟುಕಿಗೇ ಅವನಿಗೆ ತನ್ನ ತಾಯಿಯ ಅಡುಗೆ ನೆನಪಾಯಿತು. ಅದಕ್ಕೇ ಅವನಿಗೆ ಇನ್ನಷ್ಟು ಸಿಟ್ಟು ಬಂತು.

"ಬೆಲ್ಲ ಎಲ್ಲಿದು?" ತುತ್ತು ನುಂಗುತ್ತ ತನಿಖೆ ಸುರುಮಾಡಿದ.

"ಜನಾಬಾಯಿ ಮನಿದು."

"ಬ್ಯಾಳಿ?"

"ಧರೆಪ್ಪ ಕಾಕಾ ಕೊಟ್ಟಾನ. ಹಿಟ್ಟು ನಾಗಪ್ಪಂದು, ತುಪ್ಪ ಸಕ್ಕುಬಾಯಿದು. ಬದನಿಕಾಯಿ ಹಿತ್ತಲದಾಗಿಂದು. ಬ್ಯಾಳಿ ಬಸದ ನೀರು ಚೆಲ್ಲಲಿಲ್ಲ, ಅದ ಸಾರು ಆತು. ಅಡಗಿಗೆ ರೊಕ್ಕ ಬೇಕಂತ ಯಾರ ಹೇಳ್ಯಾರ್ರಿ? ಕೈಯಾಗ ಹದ ಇದ್ರ ಸಾಕು. ಕೇಳಿದಾಗ ಇಲ್ಲ ಅಂದವರು ಈ ಚಾಳಿನಾಗ ಯಾರೂ ಇಲ್ಲ."

ಶಾಂತಲಿಂಗಪ್ಪ ಮನಸ್ಸಿನಲ್ಲೇ ಲೆಕ್ಕ ಹಾಕಿದ. ಒಬ್ಬರ ಮನೆಯಲ್ಲಿ ಬೆಲ್ಲ, ಒಬ್ಬರ ಮನೆಯಲ್ಲಿ ತುಪ್ಪ. ಮನೆಮನೆಯಲ್ಲೂ ದಾಸ್ತಾನು ಇದೆ!

ಬಾಗಿಲಲ್ಲಿ ಹೆಂಗಸರು ಗುಂಪುಗಟ್ಟಿದ್ದರು. ಜನಾಬಾಯಿಯ ಕಂಕುಳಲ್ಲಿದ್ದ ಕೂಸು ತಾಟಿನ ಕಡೆ ಕೈಚಾಚಿ ರಾಗ ತೆಗೆಯಿತು. ಅವಳು ಅದರ ಮುಖವನ್ನು ತನ್ನ ಹೆಗಲಿಗೆ ಒತ್ತಿಕೊಂಡಳು.

"ಏನಾಗೇದ ಅದಕ್ಕ?"

"ಹೊಟ್ಟಿದರಿ," ಎಂದಳು ಜನಾಬಾಯಿ. "ಬ್ಯಾರೆ ಏನೂ ಇಲ್ಲ."

ತಿಂದದ್ದು ಅರಗಿಲ್ಲ ಎಂದುಕೊಂಡ ಶಾಂತಲಿಂಗಪ್ಪ.

ಹೋಳಿಗೆ ಮುಗಿಯಿತು. ಗುರುಲಿಂಗಮ್ಮ ಸೆರಗು ಸರಿಪಡಿಸಿಕೊಂಡು ಕೇಳಿದಳು: "ಇನ್ನೊಂದು ಹಾಕಲ್ರಿ?"

ಬಾಗಿಲಲ್ಲಿದ್ದ ಹೆಂಗಸರು ಅವನ ಬಾಯಿಯನ್ನೇ ನೋಡಿದರು. ಅವನಿಗೆ ಇನ್ನೊಂದಲ್ಲ, ಇನ್ನೂ ನಾಲ್ಕು ಬೇಕಿತ್ತು. ಆದರೆ ಸಂಪಿನವರ ಮನೆಯಲ್ಲಿ ಎರಡನೇ ಸಲ ಕೈಯೊಡ್ಡಿದರೆ ಗಿರಣಿಯಲ್ಲಿ ಯಾವ ಮುಖ ಇಟ್ಟುಕೊಂಡು ತಿರುಗುವುದು?

"ಸಾಕು," ಎಂದ ಬಿರುಸಾಗಿ.

ಹೆಂಗಸರು ಒಟ್ಟಿಗೆ ಉಸಿರು ಬಿಟ್ಟದ್ದು ಅವನಿಗೆ ಕೇಳಿಸಿತು. ತನಗೆ ಇನ್ನೂ ಹೆದರುತ್ತಾರೆ ಎಂದು ಅಷ್ಟರ ಮಟ್ಟಿಗೆ ಸಮಾಧಾನವಾಯಿತು. ಕೈ ತೊಳೆದು, ಪಟಕಾ ನೆಟ್ಟಗೆ ಮಾಡಿಕೊಂಡು ಗದರಿದ: "ಕೆಲಸಕ್ಕ ಯಾರ ಬರ್ತೀರಿ? ಹೆಸರ ಹೇಳ್ರಿ."

"ಕಡಿತ ಬಿಡ್ರಿ, ಭೋಂಗಾ ಕೂಗೂದ್ರಾಗ ಎಲ್ಲಾರೂ ಗೇಟಿನಾಗ ಇರ್ತೀವಿ," ಎಂದಳು ಗುರುಲಿಂಗಮ್ಮ, ಅವನ ಕಣ್ಣಲ್ಲಿ ಕಣ್ಣಿಟ್ಟು. "ಬಿಡೂದಿಲ್ಲ ಅಂದ್ರ ಇಲ್ಲೇ ಕೂಡ್ತೀವಿ. ಇಲ್ಲೀ ತನಕ ಹ್ಯಾಂಗ ಕುಂತೀವಿ, ಮುಂದೂ ಹಂಗ. ನಿಮ್ಮ ಸಾಹೇಬರಿಗೆ ಕಂಡದ್ದು ಕಂಡಂಗ ಹೇಳ್ರಿ. ಒಂದ ಮಾತು ಹೆಚ್ಚು ಬ್ಯಾಡ."

ಅವನು ಕಂಡದ್ದನ್ನು ಕಂಡಂತೆಯೇ ಹೇಳಿದ. ಸಾಹೇಬರು ನಂಬಲಿಲ್ಲ, ಖಾತ್ರಿಯೇ ಎಂದು ಮತ್ತೆ ಕೇಳಿದರು.

"ಕಣ್ಣಾರೆ ನೋಡೀನ್ರಿ ಸಾಹೇಬರ, ಬಾಯಾರೆ ಉಂಡೀನಿ. ಮನಿಮನಿ ತುಂಬಿ ತುಳಕಾಕತ್ತೈತಿ. ದೀಪಾವಳಿ ಏನ್ರಿ, ಯುಗಾದಿ ತನಕ ಕೂಡ್ತಾರ."

ಮರುದಿನ ಬೆಳಿಗ್ಗೆ ಕಡಿತ ರದ್ದಾಯಿತೆಂದು ಗೇಟಿನಲ್ಲಿ ಸಾರಿದರು. ಭೋಂಗಾ ಕೂಗಿತು. ಚಾಳಿನವರು ಮಾತಿಗೆ ತಪ್ಪದೆ ಒಬ್ಬರನ್ನೊಬ್ಬರು ಹಿಡಿದುಕೊಂಡು ನಿಧಾನಕ್ಕೆ ಒಳಗೆ ಬಂದರು. ಉಂಡು ಉಂಡು ಮೈಭಾರ ಎಂದು ಶಾಂತಲಿಂಗಪ್ಪ ಗೊಣಗಿದ.

ಆ ಸೋಮವಾರ ಇಡೀ ಚಾಳಿನಲ್ಲಿ ಊಟ ಮಾಡಿದವನು ಅವನೊಬ್ಬನೇ.